ಚೋಮನಿಗೆ ಮೈ ಕೊಟ್ಟ ವಾಸುದೇವರಾಯರಿಗೆ

ಪೂಜ್ಯ ಎಂ. ವಿ. ವಾಸುದೇವರಾಯರೇ,



ಚೋಮನ ಹೆಸರು ಕೇಳದ ಕನ್ನಡದ ಓದುಗರು ಕಡಿಮೆ. ತೆರೆಯ ಮೇಲೆ ಚೋಮನಾದವರು ಯಾರೆಂದು ಕೇಳಿದರೆ ಮಾತ್ರ ಹೆಚ್ಚಿನವರು ತಡವರಿಸುತ್ತಾರೆ. ಅತ್ಯುತ್ತಮ ನಟ ಎಂಬ ರಾಷ್ಟ್ರಪ್ರಶಸ್ತಿಯನ್ನು ಕನ್ನಡಕ್ಕೆ ಮೊದಲು ತಂದವರು ನೀವು, 1975ರ ‘ಚೋಮನ ದುಡಿ’ಗಾಗಿ. ಆ ವರ್ಷದ ಸ್ವರ್ಣಕಮಲವೂ ಅದೇ ಚಿತ್ರಕ್ಕೆ ಬಂತು. ಇಷ್ಟಾಗಿಯೂ ನಿಮ್ಮನ್ನು ನೆನೆಯುವವರು ಬೆರಳೆಣಿಕೆಯಷ್ಟು. ಇದು ನನಗೆ ಸಂಕಟದ ಸಂಗತಿ. ಅದಕ್ಕೇ ಈ ಕಾಗದ.

ಆ ಚಿತ್ರಕ್ಕೆ ಮೂಲವಾದ ಕಾದಂಬರಿಯನ್ನು ಶಿವರಾಮ ಕಾರಂತರು ಬರೆದದ್ದು 1933ರಲ್ಲಿ. ತುಂಡು ಭೂಮಿ ಉತ್ತು ಬೇಸಾಯಗಾರ ಅನ್ನಿಸಿಕೊಳ್ಳಬೇಕು ಎಂಬುದೊಂದೇ ಚೋಮನ ಆಸೆ. ಮನೆಯಲ್ಲಿ ಜೋಡಿ ಎತ್ತುಗಳಿವೆ, ಮೈಯಲ್ಲಿ ಕಸುವಿದೆ, ದುಡಿಯುವ ಮಕ್ಕಳಿದ್ದಾರೆ. ಆದರೆ ಹುಟ್ಟಿದ ಜಾತಿಗೆ ನೇಗಿಲು ಹಿಡಿಯುವ ಹಕ್ಕಿಲ್ಲ. ಸಾಲ ತೀರಿಸಲು ಹೋದ ಮಕ್ಕಳನ್ನು ಘಟ್ಟದ ಕಾಫಿ ತೋಟ ಒಬ್ಬೊಬ್ಬರನ್ನಾಗಿ ನುಂಗುತ್ತದೆ. ಮತ ಬದಲಿಸಿದರೆ ಭೂಮಿ ಸಿಕ್ಕೀತು ಎಂದು ಹೊರಟವನನ್ನು ತಾನು ನಂಬಿದ ದೈವ ಪಂಜುರ್ಲಿಯ ನೆನಪು ಅರ್ಧ ದಾರಿಯಿಂದಲೇ ಹಿಂದಕ್ಕೆ ಕರೆಯುತ್ತದೆ.

ಬಿ. ವಿ. ಕಾರಂತರು ಈ ಕತೆಯನ್ನು ಚಿತ್ರವಾಗಿಸಿದ ಹೊತ್ತನ್ನೂ ನೆನೆಯಬೇಕು. ದೇವರಾಜ ಅರಸರ ಸರ್ಕಾರ ತಂದ ಭೂಸುಧಾರಣೆಯ ತಿದ್ದುಪಡಿ 1974ರಲ್ಲಿ ಜಾರಿಗೆ ಬಂದಿತ್ತು. ‘ಉಳುವವನೇ ಹೊಲದೊಡೆಯ’ ಎಂಬ ಮಾತು ಊರೂರಲ್ಲಿ ಕೇಳುತ್ತಿತ್ತು. ಎಷ್ಟೋ ಗೇಣಿದಾರರ ಮನೆಯಲ್ಲಿ ಅದು ಬೆಳಕು ತಂದದ್ದು ನಿಜ. ಆದರೆ ಉಳುವುದಕ್ಕೇ ಬಿಡದವನ ಗತಿಯೇನು? ಗೇಣಿ ಚೀಟಿ ಇಲ್ಲದವನು, ಒಕ್ಕಲೆಂದು ಕರೆಸಿಕೊಳ್ಳುವ ಯೋಗವೂ ಇಲ್ಲದವನು ಯಾವ ಅರ್ಜಿ ಹಿಡಿದು ಯಾರ ಮುಂದೆ ನಿಲ್ಲಬೇಕು? ನಿಮ್ಮ ಚೋಮ ಒಂದೂ ಘೋಷಣೆ ಕೂಗದೆ ಇದನ್ನು ಕೇಳಿದ. ಚೋಮನಂಥವರನ್ನು ಕಟ್ಟಿಹಾಕಿದ್ದ ಜೀತ ಪದ್ಧತಿಯನ್ನು ರದ್ದು ಮಾಡಿದ ಸುಗ್ರೀವಾಜ್ಞೆ ಹೊರಬಿದ್ದದ್ದೂ ಅದೇ 1975ರಲ್ಲಿ.

ನೀವು ಕಂಪನಿ ನಾಟಕದ ನೆಲದಿಂದ ಬಂದವರು. ಕೊನೆಯ ಸಾಲಿನ ಚಾಪೆಯ ಮೇಲೆ ಕೂತವನಿಗೂ ಮಾತು ಮುಟ್ಟಬೇಕು, ಕೈ ಎತ್ತಿದರೆ ಇಡೀ ಟೆಂಟಿಗೆ ಕಾಣಬೇಕು ಎಂಬ ಪಾಠ ಆ ನೆಲದ್ದು. ಬಿ. ವಿ. ಕಾರಂತರೂ ಹುಡುಗರಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದವರು. ಅಬ್ಬರದ ಅಳತೆ ಬಲ್ಲ ನೀವಿಬ್ಬರೂ ಸೇರಿ ಅಬ್ಬರವನ್ನು ಹೊರಗಿಟ್ಟಿರಿ. ಒಡೆಯರ ಅಂಗಳದಲ್ಲಿ ನಿಂತ ಚೋಮನ ಬೆನ್ನು ಬಾಗಿದೆ, ದನಿ ಗಂಟಲಲ್ಲೇ ಉಳಿದಿದೆ. ಅದೇ ಮನುಷ್ಯ ಗುಡಿಸಲಲ್ಲಿ ತನ್ನ ವಾದ್ಯ ದುಡಿಯನ್ನು ಎತ್ತಿಕೊಂಡರೆ ಅದರ ಮುಂದೆ ಯಾವ ಒಡೆಯನ ಮಾತೂ ನಡೆಯುವುದಿಲ್ಲ. ಸಂತೋಷವಾದರೂ ದುಡಿ, ಸಿಟ್ಟು ಬಂದರೂ ದುಡಿ, ಮಗ ಸತ್ತರೂ ದುಡಿ. ಕೊನೆಗೆ ನೇಗಿಲು ಮುರಿದು, ಎತ್ತುಗಳನ್ನು ಅಟ್ಟಿ, ಬಾಗಿಲು ಹಾಕಿಕೊಂಡು ಬಾರಿಸುವಾಗ ನೋಡುವವರಿಂದ ನೀವು ಕರುಣೆ ಬೇಡುವುದಿಲ್ಲ. ಬಡವನ ಪಾತ್ರ ಮಾಡುವ ನಟರು ಕಣ್ಣೀರಿಗೆ ಕೈ ಚಾಚುವುದನ್ನು ಎಷ್ಟು ಸಲ ನೋಡಿಲ್ಲ ನಾವು! ನೀವು ಚೋಮನ ಮರ್ಯಾದೆಯನ್ನು ಕಾದಿರಿ.

ಇದರ ಬೆನ್ನಿಗೇ, 1977ರಲ್ಲಿ, ಮೃಣಾಲ್ ಸೇನ್ ನಿಮ್ಮನ್ನು ತೆಲುಗಿನ ‘ಒಕ ಊರಿ ಕಥ’ಗೆ ಕರೆದರು. ಪ್ರೇಮಚಂದರ ‘ಕಫನ್’ ಕತೆಯ ಆ ಚಿತ್ರದಲ್ಲಿ ನೀವು ವೆಂಕಯ್ಯ. ದುಡಿದರೆ ಕೊಬ್ಬುವುದು ಜಮೀನುದಾರ, ದುಡಿದವನಿಗೆ ದಕ್ಕುವುದು ಹಸಿವು. ಹೀಗಿರುವಾಗ ದುಡಿಯುವವನೇ ಮೂರ್ಖ ಅನ್ನುವ ಮುದುಕ. ಮಗನನ್ನೂ ಅದೇ ದಾರಿಗೆ ಎಳೆದವನು. ಸೊಸೆ ಹೆರಿಗೆ ನೋವಿನಲ್ಲಿ ಸಾಯುತ್ತಾಳೆ. ಅವಳ ಹೆಣಕ್ಕೆ ಹೊದೆಸುವ ಬಟ್ಟೆಗೂ ಅಪ್ಪ ಮಗ ಊರ ಮುಂದೆ ಕೈಯೊಡ್ಡುತ್ತಾರೆ.

ರಾಯರೇ, ನಾನು ಬಹಳ ಕಾಲದಿಂದ ಯೋಚಿಸುತ್ತಿರುವುದು ಇದನ್ನೇ. ಒಬ್ಬ ದುಡಿಯಲು ಬಿಡಿ ಎಂದು ಸಾಯುವವನು, ಇನ್ನೊಬ್ಬ ದುಡಿಯುವುದಿಲ್ಲ ಎಂದು ಹಟ ಹಿಡಿದವನು. ಎರಡು ವರ್ಷಗಳ ಅಂತರದಲ್ಲಿ ಇಬ್ಬರಿಗೂ ಮೈಯಾದವರು ನೀವೊಬ್ಬರೇ. ಚೋಮ ಒಳ್ಳೆಯವನು, ವೆಂಕಯ್ಯ ಸೋಮಾರಿ ಎಂದು ತೀರ್ಪು ಕೊಡುವುದು ಸುಲಭ. ಎರಡನ್ನೂ ನೋಡಿದ ಮೇಲೆ ಆ ತೀರ್ಪು ನಿಲ್ಲುವುದಿಲ್ಲ. ದುಡಿಮೆಯ ಫಲ ದುಡಿದವನ ಕೈ ಸೇರದ ಊರಿನಲ್ಲಿ ಚೋಮನ ನಿಷ್ಠೆಗೂ ವೆಂಕಯ್ಯನ ಹಟಕ್ಕೂ ಸಿಗುವುದು ಒಂದೇ ಕೂಲಿ. ಇದನ್ನು ನನಗೆ ಕಲಿಸಿದ್ದು ಯಾವ ಅರ್ಥಶಾಸ್ತ್ರದ ಪುಸ್ತಕವೂ ಅಲ್ಲ, ನಿಮ್ಮ ಅಭಿನಯ.

ಹತ್ತು ವರ್ಷದ ಮೇಲೆ ಮಣಿರತ್ನಂ ಅವರ ತಮಿಳು ಚಿತ್ರ ‘ನಾಯಗನ್’ನಲ್ಲಿ ಮತ್ತೆ ಸಿಕ್ಕಿರಿ. ಮುಂಬೈಯ ಧಾರಾವಿಗೆ ಬಂದ ತಬ್ಬಲಿ ಹುಡುಗ ವೇಲುವನ್ನು ಮಗನಂತೆ ಸಾಕುವ ಹುಸೇನ್ ಭಾಯಿ ನೀವು. ಪೊಲೀಸರ ವಶದಲ್ಲಿ ಆ ಮುದುಕ ಸಾಯುತ್ತಾನೆ. ಆ ಹುಡುಗ ವೇಲು ನಾಯ್ಕರ್ ಆಗಿ ಬೆಳೆಯುವುದು ಆ ಸಾವಿನ ಸಿಟ್ಟಿನಿಂದ. ನಿಮ್ಮ ಪಾತ್ರ ತೆರೆಯ ಮೇಲಿರುವುದು ಸ್ವಲ್ಪ ಹೊತ್ತು. ಅಷ್ಟರಲ್ಲೇ ಆ ಮನುಷ್ಯನನ್ನು ನಮ್ಮ ಮನೆಯ ಹಿರಿಯನನ್ನಾಗಿ ಮಾಡದಿದ್ದರೆ ಮುಂದಿನ ಕತೆಗೆ ಬುಡವೇ ಇರುತ್ತಿರಲಿಲ್ಲ.

ನಟನನ್ನು ನಾವು ಅಳೆಯುವ ಕೋಲು ಬೇರೆ. ಎಷ್ಟು ದಿನ ಓಡಿತು, ಎಷ್ಟು ಕಟೌಟು ನಿಂತವು, ಬಿರುದು ಯಾವುದು ಎಂದು ಕೇಳುತ್ತೇವೆ. ಆ ಲೆಕ್ಕದಲ್ಲಿ ನಿಮಗೆ ಜಾಗವಿಲ್ಲ. ಭೂಮಿ ಇಲ್ಲದವನು, ಅನ್ನ ಇಲ್ಲದವನು, ಆಸರೆ ಇಲ್ಲದವರಿಗೆ ಆಸರೆಯಾದವನು: ಕನ್ನಡ, ತೆಲುಗು, ತಮಿಳು ಮೂರರಲ್ಲೂ ನೀವು ಹೊತ್ತದ್ದು ಇಂಥವರನ್ನು. ಇಂಥವರಿಗೆ ಅಭಿಮಾನಿ ಸಂಘ ಇರುವುದಿಲ್ಲ. ಅವರನ್ನು ಆಡಿದ ನಟನನ್ನೂ ನಾವು ಅವರ ಹಾಗೆಯೇ ಕಂಡೆವು. ಇದನ್ನು ತಿದ್ದಿಕೊಳ್ಳಬೇಕಾದವರು ನಾವು.

ನನ್ನ ಕೋರಿಕೆ ದೊಡ್ಡದೇನಲ್ಲ. ಅಭಿನಯ ಕಲಿಸುವ ನಮ್ಮ ಶಾಲೆಗಳು ‘ಚೋಮನ ದುಡಿ’ಯನ್ನೂ ‘ಒಕ ಊರಿ ಕಥ’ಯನ್ನೂ ಒಂದೇ ದಿನ, ಒಂದರ ಹಿಂದೆ ಒಂದು ತೋರಿಸಲಿ. ಎರಡೂ ಚಿತ್ರಗಳ ಒಳ್ಳೆಯ ಪ್ರತಿ ಕಾಲೇಜುಗಳಿಗೂ ಹಳ್ಳಿಯ ಗ್ರಂಥಾಲಯಗಳಿಗೂ ಸಿಗಲಿ. ಕಾದಂಬರಿ ಪಾಠ ಮಾಡುವ ಮೇಷ್ಟ್ರು ಕಾರಂತರಿಬ್ಬರ ಹೆಸರಿನ ಜೊತೆ ನಿಮ್ಮ ಹೆಸರನ್ನೂ ಕರಿಹಲಗೆಯ ಮೇಲೆ ಬರೆಯಲಿ. ಯಾರೋ ಕೊಡುವ ಗೌರವಕ್ಕೆ ಕಾಯದೆ ನಾನಂತೂ ಸಿಕ್ಕ ಹುಡುಗ ಹುಡುಗಿಯರಿಗೆಲ್ಲ ನಿಮ್ಮ ಚಿತ್ರ ನೋಡಿ ಎಂದು ಹೇಳುತ್ತಲೇ ಇರುತ್ತೇನೆ.

ಇಂತಿ ಗೌರವಪೂರ್ವಕವಾಗಿ,
ನಿಮ್ಮೊಬ್ಬ ಪ್ರೇಕ್ಷಕಿ