ಹಸುಳೆಗಳ ಮನಸ್ಸನ್ನು ಕಸಿದವರು

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?" ಎಂಬ ಗಾದೆಯನ್ನು ನಮ್ಮ ಹಿರಿಯರು ಮಕ್ಕಳ ಸಂಸ್ಕಾರದ ಮಾತು ಬಂದಾಗಲೆಲ್ಲ ಹೇಳುತ್ತಾರೆ. ಈ ಗಾದೆಯ ಸತ್ಯವನ್ನು ಸರ್ವಾಧಿಕಾರಿಗಳೂ ಚೆನ್ನಾಗಿ ಅರಿತಿದ್ದರು. ಪ್ರೌಢಶಾಲೆಯಲ್ಲಿ ಬಹುಕಾಲ ಇತಿಹಾಸ ಬೋಧಿಸಿದ ನನ್ನನ್ನು ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುತ್ತಿದ್ದುದುಂಟು: "ಅಷ್ಟೊಂದು ವಿದ್ಯಾವಂತರಿದ್ದ ಜರ್ಮನಿ ಹಿಟ್ಲರನನ್ನು ಹೇಗೆ ನಂಬಿತು ಸಾರ್?" ಯುದ್ಧದ ಸೋಲು, ನಿರುದ್ಯೋಗ ಮುಂತಾದ ಕಾರಣಗಳು ಪಠ್ಯಪುಸ್ತಕದಲ್ಲಿಯೇ ಇದ್ದವು. ಆದರೆ ಆ ಕಾಲದ ಬಗ್ಗೆ ಓದುತ್ತ ಹೋದಂತೆ ನನ್ನನ್ನು ಹೆಚ್ಚಾಗಿ ಕಾಡಿದ್ದು ಅಲ್ಲಿನ ಶಾಲೆಗಳ ಕಥೆ.

ಹಿಟ್ಲರ್ ಅಧಿಕಾರಕ್ಕೆ ಬಂದದ್ದು 1933ರ ಜನವರಿ 30ರಂದು. ಕೆಲವೇ ತಿಂಗಳುಗಳಲ್ಲಿ ಯಹೂದಿ ಶಿಕ್ಷಕರನ್ನೂ ವಿರೋಧಿಗಳೆನಿಸಿದವರನ್ನೂ ಕೆಲಸದಿಂದ ತೆಗೆಯಲಾಯಿತು. ಉಳಿದವರಲ್ಲಿ ಬಹುತೇಕ ಎಲ್ಲರೂ ಪಕ್ಷದ ಶಿಕ್ಷಕರ ಸಂಘಕ್ಕೆ ಸೇರಿದರು. ಜೀವಶಾಸ್ತ್ರದ ಪಾಠದಲ್ಲಿ ಜನಾಂಗಗಳ ಮೇಲುಕೀಳು ತುಂಬಿತು. 1938ರಲ್ಲಿ ಹೊರಬಂದ ಒಂದು ಬಣ್ಣದ ಚಿತ್ರಪುಸ್ತಕವು ಯಹೂದಿಗಳನ್ನು ವಿಷದ ಅಣಬೆಗೆ ಹೋಲಿಸಿ ಎಳೆಯರಿಗೆ ದ್ವೇಷವನ್ನು ಉಣಿಸಿತು. ಗಣಿತವೂ ಇದರಿಂದ ಪಾರಾಗಲಿಲ್ಲ. ಮಾನಸಿಕ ರೋಗಿಗಳ ಆಸ್ಪತ್ರೆಗೆ ತಗಲುವ ವೆಚ್ಚದಲ್ಲಿ ಎಷ್ಟು ಸಂಸಾರಗಳಿಗೆ ಮನೆ ಕಟ್ಟಿಸಬಹುದು ಎಂಬಂಥ ಲೆಕ್ಕಗಳನ್ನು ಮಕ್ಕಳಿಂದ ಮಾಡಿಸಲಾಯಿತು. ಮಗು ತಾನು ಭಾಗಾಕಾರ ಕಲಿತೆನೆಂದುಕೊಂಡಿತು; ಕಲಿತದ್ದು ಮಾತ್ರ ರೋಗಿಯ ಬದುಕಿಗೆ ಬೆಲೆ ಕಟ್ಟುವುದನ್ನು. ಮುಂದೆ 1940 ಮತ್ತು 1941ರಲ್ಲಿ ಅಂಥ ರೋಗಿಗಳು, ಅಂಗವಿಕಲರು 70 ಸಾವಿರಕ್ಕೂ ಹೆಚ್ಚು ಮಂದಿಯನ್ನು ವಿಷಾನಿಲದಿಂದ ಕೊಂದಾಗ ಆ ಲೆಕ್ಕದ ನಿಜವಾದ ಉತ್ತರ ಹೊರಬಿದ್ದಿತು.

ಶಾಲೆಯಷ್ಟೇ ಸಾಲದೆಂದು ಬಿಡುವಿನ ವೇಳೆಗೂ ಕೈಹಾಕಿದರು. 'ಹಿಟ್ಲರ್ ಯುವಜನ' ಸಂಘಟನೆಯಲ್ಲಿ 10ನೆಯ ವರ್ಷದಿಂದ 18ರವರೆಗೆ ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ದಳಗಳಿದ್ದವು. 1932ರ ಕೊನೆಗೆ ಸುಮಾರು 1 ಲಕ್ಷವಿದ್ದ ಸದಸ್ಯರ ಸಂಖ್ಯೆ ಒಂದೇ ವರ್ಷದಲ್ಲಿ 20 ಲಕ್ಷ ಮೀರಿತು. 1939ರಲ್ಲಿ ಸೇರ್ಪಡೆಯೇ ಕಡ್ಡಾಯವಾಗಿ, ಮಕ್ಕಳನ್ನು ಕಳುಹಿಸದ ಪಾಲಕರು ದಂಡ ತೆರಬೇಕಾಯಿತು. ಆದರೆ ಮೊದಮೊದಲು ಮಕ್ಕಳನ್ನು ಸೆಳೆದದ್ದು ಭಯವಲ್ಲ, ಸಂತೋಷ ಎಂಬುದನ್ನು ನಾವು ಮರೆಯಬಾರದು. ಸಮವಸ್ತ್ರ, ಡೋಲು, ಕಾಡಿನಲ್ಲಿ ಡೇರೆ, ಬೆಂಕಿಯ ಸುತ್ತ ಹಾಡು, ತಮಗಿಂತ ತುಸು ದೊಡ್ಡವನೇ ನಾಯಕ! ಯಾವ ಮಗುವಿಗೆ ಬೇಡ? ಹೀಗೆ ಸಂಜೆಯೂ ರಜೆಯೂ ಸಂಘಟನೆಯ ಪಾಲಾಗಿ ಮನೆ ಉಂಡು ಮಲಗುವ ತಾಣವಾಯಿತು. ಹೆತ್ತವರು ತಮ್ಮ ಮಕ್ಕಳ ಎದುರಿಗೇ ಮನಬಿಚ್ಚಿ ಮಾತನಾಡಲು ಅಂಜುವ ಕಾಲ ಬಂದಿತು. ಇದಕ್ಕಿಂತ ದೊಡ್ಡ ಅನಾಹುತವನ್ನು ನಾನು ಊಹಿಸಲಾರೆ.

ಉಲ್ಮ್ ಪಟ್ಟಣದ ರಾಬರ್ಟ್ ಷೋಲ್ ಎಂಬ ಗೃಹಸ್ಥರ ಮನೆಯ ಕಥೆ ಈ ಕತ್ತಲೆಯಲ್ಲಿ ಒಂದು ಹಣತೆಯಂತೆ ಕಾಣುತ್ತದೆ. ಅವರು ನಾಜಿಗಳನ್ನು ಮೊದಲಿನಿಂದಲೂ ನಂಬಿದವರಲ್ಲ. ಆದರೂ ಅವರ ಮಕ್ಕಳಾದ ಹಾನ್ಸ್ ಮತ್ತು ಸೋಫಿ ಅತ್ಯುತ್ಸಾಹದಿಂದಲೇ ಆ ದಳಗಳಿಗೆ ಸೇರಿದರು. ಹಿಟ್ಲರ್ ಜನರಿಗೆ ಕೆಲಸ ಕೊಟ್ಟನೆಂದು ಮಕ್ಕಳು ಹೊಗಳಿದರೆ, ತಂದೆ ಅದರ ಹಿಂದಿರುವ ಯುದ್ಧಸಿದ್ಧತೆಯನ್ನು ವಿವರಿಸುತ್ತಿದ್ದರು. ಮಕ್ಕಳು ಒಪ್ಪಲಿಲ್ಲ, ಮನೆಯಲ್ಲಿ ಮಾತು ಮಾತ್ರ ನಿಲ್ಲಲಿಲ್ಲ. 1935ರಲ್ಲಿ ನ್ಯೂರೆಂಬರ್ಗ್ ಸಮಾವೇಶಕ್ಕೆ ಧ್ವಜ ಹಿಡಿದು ಹೋದ ಹಾನ್ಸ್ ಉತ್ಸಾಹಗುಂದಿ ಮರಳಿದನೆಂದು ಅವನ ಅಕ್ಕ ಇಂಗೆ ಬರೆದಿದ್ದಾರೆ. ಸಂಶಯ ಮೂಡಿದಾಗ ಅದನ್ನು ಹೇಳಿಕೊಳ್ಳಲು ಆ ಮಕ್ಕಳಿಗೆ ಒಂದು ಮನೆಯಿದ್ದಿತು. ಮುಂದೆ ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಅಣ್ಣತಂಗಿಯರು 'ಬಿಳಿ ಗುಲಾಬಿ' ಎಂಬ ಗೆಳೆಯರ ಬಳಗದೊಡನೆ ಸರ್ವಾಧಿಕಾರದ ವಿರುದ್ಧ ಕರಪತ್ರಗಳನ್ನು ಹಂಚಿ ಸಿಕ್ಕಿಬಿದ್ದರು. 1943ರ ಫೆಬ್ರವರಿ 22ರಂದು ಅವರ ಶಿರಚ್ಛೇದವಾಯಿತು. ಆಗ ಹಾನ್ಸ್‌ಗೆ 24 ವರ್ಷ, ಸೋಫಿಗೆ 21.

ಎರಡೇ ವರ್ಷಗಳ ಅನಂತರ, ಸೋಲು ನಿಶ್ಚಿತವಾಗಿದ್ದಾಗಲೂ, ಮೀಸೆ ಮೂಡದ ಬಾಲಕರನ್ನು ಬರ್ಲಿನ್ನಿನ ಬೀದಿಗಳಲ್ಲಿ ಟ್ಯಾಂಕುಗಳೆದುರು ನಿಲ್ಲಿಸಲಾಯಿತು. ಮಕ್ಕಳೇ ನಾಡಿನ ಭವಿಷ್ಯವೆಂದು ಹಾಡಿಸಿದವರು ಅದೇ ಮಕ್ಕಳನ್ನು ಸಾವಿಗೆ ಒಪ್ಪಿಸಿದರು.

ತಾಯಿತಂದೆಗಳಲ್ಲಿ ನನ್ನದೊಂದು ಬಿನ್ನಹ. ಮಗು ಹೊರಗಿನಿಂದ ಯಾರನ್ನಾದರೂ ದ್ವೇಷಿಸುವ ಮಾತನ್ನು ಹೊತ್ತು ತಂದರೆ ಗದರಿಸಿ ಬಾಯಿ ಮುಚ್ಚಿಸಬೇಡಿರಿ. ಬಾಯಿ ಮುಚ್ಚಿದ ಮಗು ಆ ಮಾತನ್ನು ಬಿಡುವುದಿಲ್ಲ, ಹೆತ್ತವರಿಂದ ಮರೆಮಾಡುತ್ತದೆ ಅಷ್ಟೆ. ರಾತ್ರಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕುಳಿತಾಗ ಹತ್ತಿರ ಕರೆದು, "ಇದನ್ನು ಯಾರು ಹೇಳಿದರಪ್ಪಾ? ನಿನಗೇನನ್ನಿಸಿತು?" ಎಂದು ಕೇಳಿರಿ. ಉತ್ತರವನ್ನು ಕೊನೆಯವರೆಗೆ ಆಲಿಸಿರಿ. ಎದುರು ಮಾತನಾಡಿದರೂ ಸೈರಿಸಿರಿ. ಪ್ರಶ್ನೆ ಕೇಳಲು ಮನೆಯಲ್ಲಿ ಅಂಜದ ಮಗು ನಾಳೆ ಬೀದಿಯಲ್ಲಿಯೂ ಅಂಜಲಾರದು.