ಒಂದೇ ಗಂಗಾಳ, ಮೂರು ಬಾಯಿ

ಬಿಸಿಲು ನಮಗೆ ಹೊಸದಲ್ಲ. ರಾಯಚೂರು ಸೀಮೆಯ ಹತ್ತಿ ಹೊಲಗಳಲ್ಲಿ ಬೆನ್ನು ಸುಟ್ಟುಕೊಂಡವರ ಮಕ್ಕಳು ನಾವು. ಏಪ್ರಿಲ್, ಮೇ ಬಂತೆಂದರೆ ನಮ್ಮ ಕಡೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೇ ತೆರೆದು ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕುತ್ತವೆ. ಹೊಲಕ್ಕೆ ಮಾತ್ರ ಅಂಥ ಆದೇಶ ಬರುವುದಿಲ್ಲ.

2024ರ ಮೇ ತಿಂಗಳಲ್ಲಿ ಹೈದರಾಬಾದಿನಲ್ಲಿ ಅವ್ವನಿಗೆ ಆಪರೇಷನ್ ಆಯಿತು. ಕಾಕಾನ ಮಗ ಅಲ್ಲೇ ಮಾಲೀಕನೊಬ್ಬನ ಕರೆಂಟಿನ ಕಾರು ಓಡಿಸುತ್ತಾನೆ. "ದೊಡ್ಡವ್ವನ್ನ ನಾ ಕರಕೊಂಡು ಹೋಗ್ತೀನಿ" ಅಂದ. ಬಿಸಿಲು ತಾಗಿಸಬೇಡಿ ಎಂದು ಡಾಕ್ಟರು ಹೇಳಿದ್ದರು.

ಪೆಟ್ರೋಲ್ ಕಾರಿನಲ್ಲಿ ಎಸಿಯ ಕಂಪ್ರೆಸರನ್ನು ತಿರುಗಿಸುವುದು ಎಂಜಿನ್ನಿನ ಬೆಲ್ಟು. ಸಿಗ್ನಲ್ಲಿನಲ್ಲಿ ನಿಂತರೆ ಎಂಜಿನ್ ಮೆಲ್ಲಗಾಗಿ ತಂಪೂ ಸೋಲುತ್ತದೆ. ಇದರಲ್ಲಿ ಹಾಗಲ್ಲ, ಕಂಪ್ರೆಸರಿಗೆ ತನ್ನದೇ ಮೋಟಾರು. ನಿಂತರೂ ಅದೇ ತಂಪು. ಹೈದರಾಬಾದಿನ ಟ್ರಾಫಿಕ್ಕು ದಾಟುವತನಕ ಅವ್ವ ಹಾಯಾಗಿದ್ದಳು. ಆದರೆ ಆ ಮೋಟಾರೂ ಚಕ್ರವೂ ಉಣ್ಣುವುದು ಒಂದೇ ಬ್ಯಾಟರಿಯಿಂದ. ಒಂದೇ ಗಂಗಾಳ, ಎರಡು ಬಾಯಿ. ಮೂರನೆಯದೂ ಇದೆ: ಬ್ಯಾಟರಿ ತಾನೇ ಕಾದರೆ ಅದಕ್ಕೂ ತಂಪು ಬೇಕು.

ಆ ಮೂರನೆಯ ಬಾಯಿ ಕಂಡದ್ದು ಮಹಬೂಬನಗರದಲ್ಲಿ. ಚಾರ್ಜು ಮಾಡುವ ಎರಡು ಗನ್ನುಗಳಲ್ಲಿ ಒಂದು ಕೆಟ್ಟಿತ್ತು. ಹಿಂದೆ ಸಾಲು. ಮೇಲೆ ತಗಡಿನ ನೆರಳೂ ಇಲ್ಲ. ಕಾರಿನ ಪರದೆ 43 ಡಿಗ್ರಿ ತೋರಿಸುತ್ತಿತ್ತು. ಬಿರುಸಾಗಿ ಕರೆಂಟು ತುಂಬುವಾಗ ಬ್ಯಾಟರಿ ಕಾಯುತ್ತದೆ. ತಂಪೆಲ್ಲ ಅತ್ತ ತಿರುಗಿತು, ಒಳಗಿನ ಗಾಳಿ ಬೆಚ್ಚಗಾಯಿತು. ಯಾರನ್ನು ಮೊದಲು ಉಳಿಸಬೇಕೆಂದು ಕಾರು ಮಾಡಿದವರು ಬರೆದೇ ಇಟ್ಟಿದ್ದಾರೆ. ಬ್ಯಾಟರಿ ದುಬಾರಿ. ನಾವು ಹಸಿ ಟವೆಲ್ಲಿನಿಂದ ಅವ್ವನ ಮುಖಕ್ಕೆ ಗಾಳಿ ಬೀಸಿದೆವು.

65 ಪರ್ಸೆಂಟಿಗೆ ಬರುವಷ್ಟರಲ್ಲಿ ಹಿಂದಿನವರ ಹಾರ್ನು ತಡೆಯಲಾಗಲಿಲ್ಲ. ಹೊರಟೆವು. ತಮ್ಮ ಲೆಕ್ಕ ಹೇಳಿದ:

"26 ಯೂನಿಟ್ ಬ್ಯಾಟರಿ, ಈಗ ಇರೋದು 17. ಊರು ಇನ್ನ 115 ಕಿಲೋಮೀಟರ್. ಎಂಬತ್ತರಾಗ ಓಡಿಸಿದ್ರ ಚಕ್ರಕ್ಕ 15, ಎಸಿಗೆ 2. ಕೈಯಾಗ ಏನೂ ಉಳಿಯಂಗಿಲ್ಲಣ್ಣ."

"ಆರಿಸಿಬಿಡು ಯಪ್ಪಾ. ನಾ ಬಿಸಲಾಗ ಹುಟ್ಟಿದಾಕಿ" ಅಂದಳು ಅವ್ವ.

ಬಿ.ಎ. ಓದಿದ ನಾವು ಬಾಯಿ ಮುಚ್ಚಿಕೊಂಡಿದ್ದೆವು. ಎಸ್ಸೆಸ್ಸೆಲ್ಸಿ ಫೇಲಾದ ತಮ್ಮನೇ ದಾರಿ ಹುಡುಕಿದ. ಎಸಿ ಆರಿಸಲಿಲ್ಲ. ಹೊರಗಿನ ಗಾಳಿ ಮುಚ್ಚಿ, ಒಳಗಿನದನ್ನೇ ತಿರುಗುವಂತೆ ಮಾಡಿ, 27ಕ್ಕೆ ಇಟ್ಟು, ವೇಗವನ್ನು ಅರವತ್ತಕ್ಕೆ ಇಳಿಸಿದ. ವೇಗ ಏರಿದಷ್ಟೂ ಎದುರುಗಾಳಿ ಕಾರನ್ನು ತಡೆಯುತ್ತದೆ. ಇಳಿಸಿದರೆ ಚಕ್ರದ ಊಟದಲ್ಲಿ ಮೂರು ಯೂನಿಟ್ ಉಳಿತಾಯ. ದಾರಿ ಅರ್ಧ ಗಂಟೆ ಉದ್ದವಾದರೂ ಎಸಿಗೆ ಹೆಚ್ಚು ಬೇಕಾಗುವುದು ಒಂದು ಯೂನಿಟ್ಟಿಗಿಂತ ಕಡಿಮೆ. (ತೀರಾ ಎತ್ತಿನ ಬಂಡಿಯಂತೆ ಹೋದರೆ ಲೆಕ್ಕ ತಿರುಗಿಬೀಳುತ್ತದೆ. ದಾರಿ ಮುಗಿಯುವುದಿಲ್ಲ, ಎಸಿ ಉಣ್ಣುವುದು ನಿಲ್ಲುವುದಿಲ್ಲ.)

ಮನೆ ಮುಟ್ಟಿದಾಗ 10 ಪರ್ಸೆಂಟ್ ಉಳಿದಿತ್ತು. ಅವ್ವ ಮಲಗಿದಳು. ರಾತ್ರಿಯೆಲ್ಲ ಹಿಟ್ಟಿನ ಗಿರಣಿಯ ಪ್ಲಗ್ಗಿನಿಂದ ಕಾರಿಗೆ ಚಾರ್ಜು. ಹೊಗೆಯಿಲ್ಲದ ಕಾರು ಅಂತಾರೆ. 1985ರಿಂದ ಕಲ್ಲಿದ್ದಲು ಸುಡುತ್ತಿರುವ ನಮ್ಮ ಶಕ್ತಿನಗರದ ಚಿಮಣಿಗಳನ್ನು ಅವರು ನೋಡಿಲ್ಲ.

ಬೆಳಿಗ್ಗೆ ಎಂಟಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಪ್ಯಾಸೆಂಜರ್ ಇಲ್ಲದಾಗ ಎಸಿ ಹಾಕಬಾರದೆಂದು ಮಾಲೀಕನ ಕಟ್ಟಪ್ಪಣೆಯಂತೆ. "ಫೋನಿನ್ಯಾಗ ಎಲ್ಲಾ ಕಾಣಸ್ತದಣ್ಣ ಅವ್ರಿಗೆ" ಅಂದ ತಮ್ಮ. ನಿನ್ನೆಯ ಟವೆಲ್ಲನ್ನೇ ಒದ್ದೆ ಮಾಡಿ ಕೊರಳಿಗೆ ಸುತ್ತಿಕೊಂಡು, ನಾಲ್ಕೂ ಗ್ಲಾಸು ಇಳಿಸಿ, ಹೈದರಾಬಾದಿನ ದಾರಿ ಹಿಡಿದ.