ಹಿಡಿಕೆ ತಿರುಗಿಸುವ ಕೈ

ನನ್ನ ಕಸುಬು ಸಣ್ಣಕಥೆ. ಹತ್ತು ಪುಟಗಳಲ್ಲಿ ಒಂದು ಮನೆಯ ಬಾಗಿಲು ತೆರೆದು, ಒಳಗಿನವರ ಸುಖದುಃಖ ವಿಚಾರಿಸಿ, ಬಾಗಿಲು ಎಳೆದುಕೊಂಡು ಹೊರಟುಬಿಡುವುದು ನನಗೆ ಗೊತ್ತು. ಆಮೇಲೆ ಆ ಮನೆಯಲ್ಲಿ ಏನಾಯಿತು ಎಂದು ಸಣ್ಣಕಥೆಗಾರನನ್ನು ಯಾರೂ ಕೇಳುವುದಿಲ್ಲ. ಕೇಳಿದರೂ ‘ನೀವೇ ಊಹಿಸಿಕೊಳ್ಳಿ’ ಎಂದು ಜಾರಿಕೊಳ್ಳಬಹುದು. ಆದರೆ ನಾಲ್ಕು ವರ್ಷಗಳ ಹಿಂದೆ ನಾನೊಂದು ಕಾದಂಬರಿ ಬರೆದೆ. ಮೂರು ಭಾಗಗಳ ಮಾಲೆಯಲ್ಲಿ ಅದು ಮೊದಲನೆಯದು. ಕೊನೆಯ ಪುಟದ ಬುಡದಲ್ಲಿ, ನಮ್ಮ ವಾರಪತ್ರಿಕೆಗಳ ಧಾರಾವಾಹಿಗಳಲ್ಲಿ ಇರುತ್ತಿದ್ದಂತೆ, ‘ಸಶೇಷ’ ಎಂಬ ಮೂರಕ್ಷರ ಅಚ್ಚಾಯಿತು. ಅಂದಿನಿಂದ ಆ ಮೂರಕ್ಷರ ಸಾಲ ಕೊಟ್ಟವನಂತೆ ನನ್ನ ಜಗಲಿಯ ಮೇಲೆ ಕುಳಿತಿದೆ.

ಕಾದಂಬರಿ ಎಂಥದು ಎಂದು ಮೊದಲು ಹೇಳಿಬಿಡುತ್ತೇನೆ. ಶ್ರೀರಂಗಪಟ್ಟಣದ ಅರಮನೆಯಲ್ಲಿ ಒಂದು ಮರದ ಹುಲಿ ಇತ್ತೆಂಬುದನ್ನು ನೀವು ಕೇಳಿರಬಹುದು. ಅಂಗಾತ ಬಿದ್ದ ಐರೋಪ್ಯನೊಬ್ಬನ ಮೇಲೆ ಎರಗಿ ನಿಂತ ಹುಲಿ. ಪಕ್ಕದ ಹಿಡಿಕೆ ತಿರುಗಿಸಿದರೆ ಒಳಗಿನ ತಿದಿಗಳು ಗಾಳಿ ಊದುತ್ತವೆ. ಕೆಳಗೆ ಬಿದ್ದವನ ಕೈ ಮೇಲೇಳುತ್ತದೆ, ಇಳಿಯುತ್ತದೆ. ಅವನಿಂದ ನರಳಿಕೆಯೂ ಹುಲಿಯಿಂದ ಗುರುಗುಟ್ಟುವ ಸದ್ದೂ ಹೊರಡುತ್ತವೆ. ಹುಲಿಯ ಪಕ್ಕೆಯ ಹಲಗೆ ತೆರೆದರೆ ಒಳಗೆ 18 ಕೀಲಿಗಳ ಪುಟ್ಟ ಆರ್ಗನ್ ವಾದ್ಯ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿಯವರು ಇದನ್ನು ಲಂಡನ್ನಿಗೆ ಸಾಗಿಸಿದರು. 1808ರಿಂದ ಲೆಡನ್‌ಹಾಲ್ ಬೀದಿಯ ಕಂಪನಿ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟರು. ಬಂದವರೆಲ್ಲ ಹಿಡಿಕೆ ತಿರುಗಿಸಿ ಖುಷಿಪಡುತ್ತಿದ್ದರು. ಅಲ್ಲಿನ ಗ್ರಂಥಾಲಯದಲ್ಲಿ ಓದಲು ಕುಳಿತವರಿಗೆ ಈ ಕಿರುಚಾಟ ದೊಡ್ಡ ತಲೆನೋವಾಗಿತ್ತಂತೆ. 1843ರ ಹೊತ್ತಿಗೆ ಆ ಹಿಡಿಕೆ ಕಾಣೆಯಾಗಿತ್ತು. ಹುಲಿ ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಇದಿಷ್ಟು ಚರಿತ್ರೆ. ನನ್ನ ಕಥೆಯಲ್ಲಿ, ಆ ತಿದಿಗಳನ್ನು ಹೊಲಿದ ಮುದುಕನೊಬ್ಬ ಯುದ್ಧದಲ್ಲಿ ಸತ್ತವರ ಕೊನೆಯುಸಿರನ್ನು ಅವುಗಳಲ್ಲಿ ತುಂಬಿಡುತ್ತಾನೆ. ಲಂಡನ್ನಿನಲ್ಲಿ ಹಿಡಿಕೆ ತಿರುಗಿಸಿದವರು ಒಬ್ಬೊಬ್ಬರಾಗಿ ಉಸಿರು ಕಳೆದುಕೊಳ್ಳುತ್ತಾರೆ. ಉಗಿಯಂತ್ರಗಳ ಆ ನಗರದಲ್ಲಿ ಹುಲಿ ರಾತ್ರಿಹೊತ್ತು ಕಬ್ಬಿಣದ ಕಾಲುಗಳ ಮೇಲೆ ನಡೆದಾಡುತ್ತದೆ. ಹಿಡಿಕೆ ಕಾಣೆಯಾಗುವಲ್ಲಿಗೆ ಮೊದಲ ಭಾಗ ಮುಗಿಯುತ್ತದೆ.

ಇಂಥ ಬರವಣಿಗೆಗೆ ಇಂಗ್ಲಿಷಿನಲ್ಲಿ ಸ್ಟೀಮ್‌ಪಂಕ್ ಎಂಬ ಹೆಸರಿದೆ. ಉಗಿಯ ಕಾಲವನ್ನೇ ಇಟ್ಟುಕೊಂಡು, ಆ ಕಾಲದಲ್ಲಿ ಇಲ್ಲದ ಯಂತ್ರಗಳನ್ನು ಕಲ್ಪಿಸಿ ಕಥೆ ಕಟ್ಟುವುದು ಇದರ ರೀತಿ. 1987ರಲ್ಲಿ ಅಮೆರಿಕದ ಲೇಖಕ ಕೆ. ಡಬ್ಲ್ಯು. ಜೀಟರ್ ‘ಲೋಕಸ್’ ಪತ್ರಿಕೆಗೆ ಬರೆದ ಕಾಗದದಲ್ಲಿ, ತಾನೂ ತನ್ನ ಗೆಳೆಯರಾದ ಟಿಮ್ ಪವರ್ಸ್ ಮತ್ತು ಜೇಮ್ಸ್ ಬ್ಲೇಲಾಕ್ ಅವರೂ ಬರೆಯುತ್ತಿದ್ದ ಕಥೆಗಳಿಗೆ ಅರ್ಧ ತಮಾಷೆಯಾಗಿ ಈ ಹೆಸರಿಟ್ಟ. ಇದೇ ಜೀಟರ್ 1979ರಲ್ಲಿ ಬರೆದಿದ್ದ ‘ಮೊರ್ಲಾಕ್ ನೈಟ್’ ಎಂಬ ಕಾದಂಬರಿ, ಎಚ್. ಜಿ. ವೆಲ್ಸ್ 1895ರಲ್ಲಿ ಪ್ರಕಟಿಸಿದ ‘ದಿ ಟೈಮ್ ಮೆಷಿನ್’ ಕಾದಂಬರಿಯ ಮುಂದುವರಿಕೆ. ವೆಲ್ಸ್ ದೂರದ ಭವಿಷ್ಯದಲ್ಲಿ ಬಿಟ್ಟುಬಂದಿದ್ದ ನರಭಕ್ಷಕ ಮೊರ್ಲಾಕ್‌ಗಳು ಅದೇ ಕಾಲಯಂತ್ರ ಹತ್ತಿ ಲಂಡನ್ನಿಗೆ ಬಂದರೆ ಏನಾದೀತು ಎಂಬುದು ಅದರ ಕಥೆ. ಅಂದರೆ ಈ ಪ್ರಕಾರಕ್ಕೆ ಹೆಸರಿಟ್ಟವನೇ ಇನ್ನೊಬ್ಬನ ಕಥೆಯ ಎರಡನೆಯ ಭಾಗ ಬರೆದವನು!

ಹೆಸರು ಹೊಸದಾದರೂ ಸಂಗತಿ ನಮಗೆ ಹೊಸದಲ್ಲ. ಕನ್ನಡದಲ್ಲಿ ‘ಯಂತ್ರ’ ಎಂಬ ಮಾತಿಗೆ ಎರಡು ಅರ್ಥ. ಗಿರಣಿಯಲ್ಲಿ ಓಡುವುದೂ ಯಂತ್ರ, ಕೊರಳಿಗೆ ಕಟ್ಟುವ ತಗಡಿನೊಳಗೆ ಗೆರೆ ಎಳೆದು ಬರೆದದ್ದೂ ಯಂತ್ರ. ಉರ್ದು ಶಾಲೆಯಲ್ಲಿ ನಾನು ಕಲಿತ ‘ತಿಲಿಸ್ಮ್’ ಎಂಬ ಮಾತೂ ಹಾಗೆಯೇ. ಅದು ಮಾಯೆ, ಅದು ಕಟ್ಟಡ, ಒಳಹೊಕ್ಕವನು ಹೊರಬರಲಾರದ ಒಂದು ಲೋಕ. ಅಜ್ಜಿಯ ಕಥೆಗಳಲ್ಲಿ ಕೀಲುಕುದುರೆ ಹಾರಿದಾಗ ಅದು ತಂತ್ರವೋ ಮಂತ್ರವೋ ಎಂದು ನಾವ್ಯಾರೂ ಕೇಳಲಿಲ್ಲ.

ನನ್ನ ನಾನಿ ರಾತ್ರಿ ಹೇಳುತ್ತಿದ್ದ ಕಥೆಗಳು ಹಮ್ಜಾನ ದಾಸ್ತಾನಿನವು. ಅವರಿಗೆ ಓದಲು ಬರುತ್ತಿರಲಿಲ್ಲ, ಕೇಳಿದ್ದನ್ನು ದಖ್ಖನಿಯಲ್ಲಿ ಹೇಳುತ್ತಿದ್ದರು. ದೊಡ್ಡವನಾದ ಮೇಲೆ ‘ತಿಲಿಸ್ಮ್-ಎ-ಹೋಶ್‌ರುಬಾ’ ಓದಿದಾಗ ನನಗೆ ಬೇರೆಯದೇ ಕುತೂಹಲ ಹುಟ್ಟಿತು. ಲಖನೌದ ನವಲ್ ಕಿಶೋರ್ ಮುದ್ರಣಾಲಯ 1883ರಿಂದ 1893ರವರೆಗೆ ಇದನ್ನು ಏಳು ಸಂಪುಟಗಳಲ್ಲಿ ಪ್ರಕಟಿಸಿತು. ಮೊದಲ ನಾಲ್ಕನ್ನು ಬರೆದವರು ಮುಹಮ್ಮದ್ ಹುಸೇನ್ ಜಾಹ್. ಅಲ್ಲಿಂದ ಮುಂದಕ್ಕೆ ಲೇಖನಿ ಹಿಡಿದವರು ಅಹ್ಮದ್ ಹುಸೇನ್ ಕಮರ್. ಒಬ್ಬರು ಕಟ್ಟಿದ ಮಾಯಾಲೋಕಕ್ಕೆ ಇನ್ನೊಬ್ಬರು ಕಾಲಿಟ್ಟು, ಅದರ ಬೀದಿ, ಕೋಟೆ, ಜಾದೂಗಾರರನ್ನೆಲ್ಲ ನೆನಪಿಟ್ಟುಕೊಂಡು, ಕೊನೆಗೆ ಅದನ್ನು ಒಡೆಯಬೇಕಿತ್ತು. ದಾಸ್ತಾನಿನಲ್ಲಿ ಪ್ರತಿ ತಿಲಿಸ್ಮಿಗೂ ಒಂದು ‘ಲೌಹ್’ ಇರುತ್ತದೆ. ಆ ಮಾಯೆಯನ್ನು ಮುರಿಯುವ ದಾರಿ ಬರೆದಿಟ್ಟ ಫಲಕ ಅದು. ಎರಡನೆಯ ಭಾಗ ಬರೆಯುವವನಿಗೂ ಒಂದು ಲೌಹ್ ಬೇಕು. ನಾನು ನೂರು ಪುಟದ ಲೆಕ್ಕದ ಪುಸ್ತಕವೊಂದನ್ನು ತಂದು, ಮೊದಲ ಭಾಗವನ್ನು ಪರರ ಪುಸ್ತಕದಂತೆ ಓದಿ, ಅದರ ಕಟ್ಟಳೆಗಳನ್ನೆಲ್ಲ ಬರೆದಿಟ್ಟುಕೊಂಡೆ. ತಿದಿಯಲ್ಲಿ ಎಷ್ಟು ಉಸಿರು ಹಿಡಿಯುತ್ತದೆ, ಯಾವ ಸ್ವರಕ್ಕೆ ಯಾರು ಏಳುತ್ತಾರೆ, ಹುಲಿಗೆ ನೀರು ಕಂಡರೆ ಏಕೆ ಭಯ, ಹೀಗೆ.

ಕಟ್ಟಳೆ ಬರೆದಿಟ್ಟುಕೊಂಡರೂ ಒಂದು ತೊಡಕು ಉಳಿಯಿತು. ಭಯ ಎರಡು ಸಲ ಬರುವುದಿಲ್ಲ. ಮೊದಲ ಭಾಗದಲ್ಲಿ ಕತ್ತಲಲ್ಲಿ ಕೇಳಿಸಿದ ಗುರುಗುಟ್ಟುವಿಕೆ ಯಾರದೆಂದು ಓದುಗರಿಗೆ ತಿಳಿಯಲು ನೂರು ಪುಟ ಬೇಕಾಯಿತು. ಈಗ ಅದು ಹುಲಿ ಎಂದು ಎಲ್ಲರಿಗೂ ಗೊತ್ತು. ಗೊತ್ತಿರುವ ಹುಲಿ ಸರ್ಕಸ್ಸಿನ ಹುಲಿ. ಅದನ್ನು ಎರಡು ಪಟ್ಟು ದೊಡ್ಡದು ಮಾಡಿದರೆ ಸದ್ದು ಜಾಸ್ತಿಯಾದೀತೇ ಹೊರತು ಮೈ ನಡುಗುವುದಿಲ್ಲ.

ಇಂಗ್ಲೆಂಡಿನ ಚೈನಾ ಮಿಯೆವಿಲ್ ಈ ತೊಡಕನ್ನು ಬಿಡಿಸಿದ ಬಗೆ ನನಗೆ ಇಷ್ಟ. 2000ದಲ್ಲಿ ಬಂದ ಅವರ ‘ಪರ್ಡಿಡೋ ಸ್ಟ್ರೀಟ್ ಸ್ಟೇಷನ್’ನಲ್ಲಿ ಉಗಿಯಂತ್ರಗಳೂ ಮನುಷ್ಯರ ಮನಸ್ಸನ್ನೇ ಹೀರುವ ದೈತ್ಯ ಪತಂಗಗಳೂ ಇವೆ. 2002ರಲ್ಲಿ ಬಂದ ‘ದಿ ಸ್ಕಾರ್’ನಲ್ಲಿ ಅವರು ಪತಂಗಗಳನ್ನು ಮತ್ತೆ ಹಾರಿಸಲು ಹೋಗಲಿಲ್ಲ. ಮೊದಲ ಕಥೆಯ ನಾಯಕನ ಪರಿಚಯವಿದ್ದ ತಪ್ಪಿಗೆ ಊರು ಬಿಟ್ಟು ಹಡಗು ಹತ್ತಿದ ಒಬ್ಬ ಹೆಂಗಸಿನ ಹಿಂದೆ ಹೋದರು. ಒಂದು ಅನಾಹುತ ಮುಗಿದ ಮೇಲೂ ಅದರ ಬಿಸಿ ಯಾರ್‍ಯಾರಿಗೋ ತಟ್ಟುತ್ತಿರುತ್ತದಲ್ಲ, ಅಲ್ಲಿಂದ ಕಥೆ ತೆಗೆದರು. ಹಿಂದಿಯ ದೇವಕೀನಂದನ ಖತ್ರಿ ಕೂಡ ‘ಚಂದ್ರಕಾಂತಾ’ದ ನಂತರ ಚಂದ್ರಕಾಂತೆಯ ಮಕ್ಕಳ ಕಥೆ ಹೇಳಿದರು. ಅದಕ್ಕೆ ಇಟ್ಟ ಹೆಸರು ‘ಚಂದ್ರಕಾಂತಾ ಸಂತತಿ’. ‘ಎರಡನೆಯ ಭಾಗ’ ಎನ್ನುವುದಕ್ಕಿಂತ ‘ಸಂತತಿ’ ಎಷ್ಟು ಒಳ್ಳೆಯ ಮಾತು! ಹಿರಿಯರು ಮಾಡಿಟ್ಟದ್ದನ್ನು ಉಣ್ಣಲೇಬೇಕಾದವರ ಕಥೆ.

ನನ್ನ ಮುದುಕನ ಸಂತತಿ ಯಾರು? ಈ ಪ್ರಶ್ನೆಯ ಸುತ್ತ ತಿರುಗುತ್ತಿದ್ದಾಗ ಮೂರು ಮಾತುಗಳು ಮೂರು ಕಡೆಯಿಂದ ಬಂದವು.

ಮೊದಲನೆಯದು ಪ್ರಕಾಶಕರದು. “ಹುಲಿ ಇರಲಿ ಸಾಹೇಬರೇ, ಸುಲ್ತಾನರ ಹೆಸರು, ಶ್ರೀರಂಗಪಟ್ಟಣದ ಹೆಸರು ಈ ಸಲ ಬೇಡ. ಯಾವುದೋ ಒಂದು ರಾಜ್ಯ ಅಂತ ಬರೆಯಿರಿ. ಕಾಲ ಸರಿಯಿಲ್ಲ” ಎಂದರು. ಅವರು ನನ್ನ ಹಿತೈಷಿಗಳೇ. ಗೋದಾಮಿನಲ್ಲಿರುವ ಪುಸ್ತಕದ ಚಿಂತೆ ಅವರಿಗೆ. ಎರಡನೆಯದು ಒಬ್ಬ ಕಾಲೇಜು ಹುಡುಗನದು. “ಸರ್, ಎರಡನೇ ಭಾಗದಲ್ಲಿ ಇನ್ನೂ ಜಾಸ್ತಿ ಜನ ಸಾಯಬೇಕು. ಆ ಬಿಳಿಯರು ಒಬ್ಬೊಬ್ಬರೇ ಸಾಯುವಾಗ ಸಖತ್ ಖುಷಿಯಾಯ್ತು” ಎಂದ. ಮೂರನೆಯದು ನಿವೃತ್ತ ಉಪಾಧ್ಯಾಯಿನಿಯೊಬ್ಬರ ಕಾರ್ಡು. ಅದರಲ್ಲಿ ಒಂದೇ ಪ್ರಶ್ನೆ: “ಹುಲಿಯ ಕೆಳಗೆ ಬಿದ್ದು ನರಳುವವನಿಗೆ ಒಂದು ಹೆಸರಿಲ್ಲವೇ?”

ಪ್ರಕಾಶಕರ ಮಾತಿಗೆ ನನಗೆ ಜೂಲ್ಸ್ ವರ್ನ್ ನೆನಪಾದರು. ಇಂದಿನ ಸ್ಟೀಮ್‌ಪಂಕ್ ಲೇಖಕರಿಗೆಲ್ಲ ವೆಲ್ಸ್ ಮತ್ತು ಈ ಫ್ರೆಂಚ್ ಲೇಖಕ ಹಿರಿಯಜ್ಜಂದಿರು. ಸಮುದ್ರದಾಳದಲ್ಲಿ ಓಡುವ ನೌಟಿಲಸ್ ಎಂಬ ಯಂತ್ರ, ಅದರೊಳಗೆ ಜಗತ್ತಿನ ಮೇಲೆ ಸೇಡು ಹೊತ್ತ ಕ್ಯಾಪ್ಟನ್ ನೆಮೋ. ವರ್ನ್ ಅವನನ್ನು ಮೊದಲು ಪೋಲೆಂಡಿನವನನ್ನಾಗಿ ಕಲ್ಪಿಸಿದ್ದರು. 1863ರ ದಂಗೆಯನ್ನು ರಷ್ಯನ್ನರು ತುಳಿದಾಗ ಮನೆಮಂದಿಯನ್ನೆಲ್ಲ ಕಳೆದುಕೊಂಡವನು. ಅವರ ಪ್ರಕಾಶಕ ಹೆಟ್ಜೆಲ್ ಒಪ್ಪಲಿಲ್ಲ, ರಷ್ಯದವರನ್ನು ಎದುರುಹಾಕಿಕೊಳ್ಳುವುದು ಅವರಿಗೆ ಬೇಡವಾಗಿತ್ತು. ಹೀಗಾಗಿ 1869-70ರಲ್ಲಿ ಬಂದ ಮೊದಲ ಕಾದಂಬರಿಯಲ್ಲಿ ನೆಮೋಗೆ ಊರಿಲ್ಲ, ಕುಲವಿಲ್ಲ. ನೆಮೋ ಎಂದರೆ ಲ್ಯಾಟಿನ್ನಿನಲ್ಲಿ ‘ಯಾರೂ ಅಲ್ಲ’ ಎಂದೇ ಅರ್ಥ.

ಆದರೆ 1874-75ರಲ್ಲಿ ಬಂದ ‘ಮಿಸ್ಟೀರಿಯಸ್ ಐಲೆಂಡ್’ನಲ್ಲಿ ಸಾಯುವ ಹೊತ್ತಿನ ನೆಮೋ ತನ್ನ ಗುಟ್ಟು ಹೇಳುತ್ತಾನೆ. ಅವನು ಭಾರತೀಯ! ಬುಂದೇಲಖಂಡದ ರಾಜಕುಮಾರ ಡಕ್ಕಾರ್. 1857ರ ದಂಗೆಯಲ್ಲಿ ಹೋರಾಡಿ, ಹೆಂಡತಿ ಮಕ್ಕಳನ್ನು ಕಳೆದುಕೊಂಡು ಸಮುದ್ರ ಸೇರಿದವನು. ವರ್ನ್ ಅಲ್ಲಿಗೂ ನಿಲ್ಲದೆ ಅವನನ್ನು ನಮ್ಮ ಟಿಪ್ಪುವಿನ ಸಂಬಂಧಿಯನ್ನಾಗಿ ಮಾಡಿದರು. ಚರಿತ್ರೆಯಲ್ಲಿ ಅಂಥ ನಂಟು ಇಲ್ಲ, ಅದು ಬರೀ ಕಲ್ಪನೆ. ಎರಡು ಪುಸ್ತಕಗಳ ಇಸವಿಗಳಂತೂ ಒಂದಕ್ಕೊಂದು ಹೊಂದುವುದೇ ಇಲ್ಲ. ಮೊದಲನೆಯದು ನಡೆಯುವುದು 1866ರಿಂದ 1868ರ ನಡುವೆ. ಎರಡನೆಯದರಲ್ಲಿ 1868ರಲ್ಲೇ ಮುದುಕನಾಗಿ ಸಾಯುವ ನೆಮೋಗೆ ಆ ಘಟನೆಗಳು ಹದಿನಾರು ವರ್ಷ ಹಳೆಯವು. ಆದರೂ ಓದುಗರು ಎರಡನ್ನೂ ಪ್ರೀತಿಯಿಂದ ಓದುತ್ತಲೇ ಬಂದಿದ್ದಾರೆ. ಮೊದಲ ಪುಸ್ತಕದಲ್ಲಿ ಹಡಗುಗಳನ್ನು ಒಡೆಯುತ್ತಿದ್ದ ಭೂತಕ್ಕೆ ಎರಡನೆಯದು ಒಂದು ಹೆಸರು, ಒಂದು ನೆಲ, ಒಂದು ದುಃಖ ಕೊಟ್ಟಿತು. ಲೆಕ್ಕ ತಪ್ಪಿದ್ದನ್ನು ಓದುಗರು ಅದಕ್ಕಾಗಿಯೇ ಮನ್ನಿಸಿರಬೇಕು.

ಹಾಗಾಗಿ ಊರಿನ ಹೆಸರನ್ನೂ ಸುಲ್ತಾನರ ಹೆಸರನ್ನೂ ತೆಗೆಯುವುದಿಲ್ಲ ಎಂದು ಪ್ರಕಾಶಕರಿಗೆ ಹೇಳಿದೆ. ಅವರು ಇನ್ನೂ ಉತ್ತರ ಕೊಟ್ಟಿಲ್ಲ. ಆದರೆ ಆ ಕಾರ್ಡಿನ ಪ್ರಶ್ನೆಗೆ ನಾನು ಉತ್ತರ ಹುಡುಕಬೇಕಾಗಿತ್ತು. ನಮ್ಮವರ ಹೆಸರು ಅಳಿಸಬೇಡಿ ಎಂದು ಕೇಳುವವನು ಕೆಳಗೆ ಬಿದ್ದವನನ್ನು ‘ಯಾರೂ ಅಲ್ಲ’ ಎಂದು ಬಿಟ್ಟುಬಿಡಬಹುದೇ? ಅವನೂ ಯಾವುದೋ ಊರಿನಲ್ಲಿ ತಾಯಿ ಹೆತ್ತ ಮಗ.

ಕಳೆದ ಚಳಿಗಾಲದಲ್ಲಿ ನಾನು ಕೋಲಾರದ ಚಿನ್ನದ ಗಣಿಗೆ ಹೋದೆ. ಉಗಿಯ ಕಾಲ ನಮ್ಮ ನಾಡಿನಲ್ಲಿ ಕಣ್ಣೆದುರೇ ಮುಗಿದ ಜಾಗ ಅದು. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿಗೆ ಬಂದ ಮೇಲೆ ಮೊದಮೊದಲು ಯಂತ್ರಗಳೆಲ್ಲ ಉಗಿಯ ಬಲದಿಂದಲೇ ಓಡಿದವು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ವಿದ್ಯುತ್ ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದೇ ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಗಣಿಯ ಕೆಲಸಕ್ಕೆ ತಮಿಳು, ತೆಲುಗು ಸೀಮೆಗಳಿಂದ ಬಡವರು ಬಂದರು, ಅವರಲ್ಲಿ ದಲಿತರೇ ಹೆಚ್ಚು. ಸಾವಿರಾರು ಮೈಲಿ ದಾಟಿ ಇಂಗ್ಲೆಂಡಿನ ಕಾರ್ನ್‌ವಾಲಿನಿಂದಲೂ ಗಣಿಗಾರರು ಬಂದರು. 2001ರಲ್ಲಿ ಗಣಿ ಮುಚ್ಚಿತು. ಸೈನೈಡ್ ದಿಬ್ಬಗಳು ಬೂದಿಬಣ್ಣದ ಗುಡ್ಡಗಳಂತೆ ಈಗಲೂ ನಿಂತಿವೆ.

ಅಲ್ಲಿ ಸಿಕ್ಕ ಒಬ್ಬ ಹಳೆಯ ಗಣಿ ಕಾರ್ಮಿಕರು ಬಂಡೆ ಸಿಡಿಯುವ ಸಂಗತಿ ಹೇಳಿದರು. ಆಳದ ಬಂಡೆ ಮೇಲಿನ ಭಾರ ತಾಳಲಾರದೆ ಇದ್ದಕ್ಕಿದ್ದಂತೆ ಒಡೆದು ಸುರಂಗವನ್ನೇ ನುಂಗುತ್ತದೆ. “ಕೆಲವು ಸಲ ಮುಂಚೆಯೇ ಬಂಡೆ ಮಾತಾಡುತ್ತೆ ಸಾರ್. ಲಟಲಟ ಅಂತ. ಆಗ ಪಕ್ಕದಲ್ಲಿರೋನು ಯಾರು, ಏನು ಅಂತ ನೋಡಲ್ಲ, ಕೈ ಹಿಡಿದು ಎಳಕೊಂಡು ಓಡೋದೇ” ಎಂದರು.

ನನ್ನ ಎರಡನೆಯ ಭಾಗ ಆ ಮಾತಿನಿಂದ ಹುಟ್ಟಿತು. ಇಸವಿ 1902. ತಿದಿ ಹೊಲಿದ ಮುದುಕನ ಮರಿಮಗಳು ಗಣಿಯ ಬಾಯ್ಲರ್ ಮನೆಗೆ ಸೌದೆ ಹೊರುತ್ತಾಳೆ. ಕಾರ್ನ್‌ವಾಲಿನಿಂದ ಬಂದ ಒಬ್ಬ ಯುವಕನ ಪೆಟ್ಟಿಗೆಯಲ್ಲಿ, ಅವನ ಮನೆತನದಲ್ಲಿ ಕೈಯಿಂದ ಕೈಗೆ ಬಂದ ಒಂದು ಹಳೆಯ ಹಿಡಿಕೆ ಇದೆ. ಹುಲಿಯ ಕೆಳಗೆ ನರಳುತ್ತಿರುವವನು ತಮ್ಮ ಪೂರ್ವಿಕನೆಂದು ಆ ಮನೆಯವರು ನಂಬಿದ್ದಾರೆ. ಆ ಸದ್ದು ನಿಲ್ಲಲಿ ಎಂದೇ ಅವರಲ್ಲೊಬ್ಬರು ಹಿಡಿಕೆಯನ್ನು ಕಿತ್ತುತಂದಿದ್ದರು. ಅವನಿಗೆ ನಾನು ಹೆಸರು ಕೊಟ್ಟಿದ್ದೇನೆ, ಊರು ಕೊಟ್ಟಿದ್ದೇನೆ. ವಿದ್ಯುತ್ ಬಂದು ಉಗಿಯಂತ್ರಗಳು ಒಂದೊಂದಾಗಿ ತಣ್ಣಗಾಗುವ ಆ ತಿಂಗಳಲ್ಲಿ, ನೆಲದ ಕೆಳಗಿನಿಂದ ನೂರು ವರ್ಷದ ಹಿಂದಿನ ಉಸಿರುಗಳು ಸದ್ದು ಮಾಡತೊಡಗುತ್ತವೆ. ಅವುಗಳಲ್ಲಿ ಯಾರದು ಯಾವ ಸೇನೆಯ ಉಸಿರು ಎಂದು ಹೇಳಲಾಗುವುದಿಲ್ಲ.

ಕಾಲೇಜು ಹುಡುಗನಿಗೆ ಇದು ರುಚಿಸುತ್ತದೋ ಇಲ್ಲವೋ. ಅವನು ಕೇಳಿದಷ್ಟು ಹೆಣ ಇದರಲ್ಲಿ ಬೀಳುವುದಿಲ್ಲ. ಆದರೆ ಮೊದಲ ಭಾಗದಲ್ಲಿ ಅವನು ನಕ್ಕ ಆ ನರಳಿಕೆಯನ್ನೇ ಇಲ್ಲಿ ಇನ್ನೊಮ್ಮೆ, ತುಂಬ ಹತ್ತಿರದಿಂದ, ಹೆಸರು ಗೊತ್ತಿರುವವನ ದನಿಯಾಗಿ ಕೇಳಿಸಬೇಕೆಂದಿದ್ದೇನೆ. ಆಗ ಅವನ ಮೈ ನಡುಗಿದರೆ ನನ್ನ ಕೆಲಸ ಆದಂತೆ.

ಈಗ ಹದಿನೇಳನೆಯ ಅಧ್ಯಾಯದಲ್ಲಿದ್ದೇನೆ. ಯುವಕ ಪೆಟ್ಟಿಗೆ ಬಿಚ್ಚಿದ್ದಾನೆ, ಹುಡುಗಿ ಹಿಡಿಕೆಯನ್ನು ಕೈಯಲ್ಲಿ ಹಿಡಿದು ತೂಕ ನೋಡುತ್ತಿದ್ದಾಳೆ. ಹೊರಗೆ ಬಂಡೆ ಲಟಲಟ ಎನ್ನುತ್ತಿದೆ. ಉಪಾಧ್ಯಾಯಿನಿಯವರಿಗೆ ನಿನ್ನೆ ಒಂದು ಕಾರ್ಡು ಹಾಕಿದೆ. ಅದರಲ್ಲಿ ಆ ಮರದ ಮನುಷ್ಯನ ಹೆಸರನ್ನು ಮಾತ್ರ ಬರೆದಿದ್ದೇನೆ.